ಕುದುರೆ ಸವಾರಿ: ಸವಾರನ ಮೈಗೆ ಸಿಗುವ ವ್ಯಾಯಾಮ

ಕುದುರೆಯ ಬೆನ್ನು ಒಂದು ಗಳಿಗೆಯೂ ಅಲುಗದೆ ಇರುವುದಿಲ್ಲ. ನಡೆಯುವಾಗ ಅದು ಏರಿಳಿಯುತ್ತದೆ, ಎಡಬಲಕ್ಕೆ ವಾಲುತ್ತದೆ, ಹಿಂಗಾಲು ನೆಲವನ್ನು ಒತ್ತಿದಾಗಲೆಲ್ಲ ಕುಳಿತವರನ್ನು ಮುಂದಕ್ಕೆ ನೂಕುತ್ತದೆ. ಬೀಳದೆ ಕೂರಬೇಕಾದರೆ ಸೊಂಟ, ಹೊಟ್ಟೆ, ಬೆನ್ನು, ತೊಡೆಗಳ ಸ್ನಾಯುಗಳು ಹೆಜ್ಜೆ ಹೆಜ್ಜೆಗೂ ಬಿಗಿದು ಸಡಿಲಗೊಳ್ಳುತ್ತಿರಬೇಕು. ಭಾರ ಹೊರುವ ಕೆಲಸ ಕುದುರೆಯದಾದರೂ ಸಮತೋಲ ಕಾಯುವ ಕೆಲಸ ಸವಾರನದೇ. ಸವಾರಿ ವ್ಯಾಯಾಮವಾಗುವುದು ಈ ಕಾರಣಕ್ಕೆ.

ಯುದ್ಧ, ಪ್ರಯಾಣಗಳ ಅಗತ್ಯವಿಲ್ಲದೆ ಬರೀ ಮೈದಂಡನೆಗೆಂದು ಕುದುರೆ ಏರಿದ ದಾಖಲೆ ಕನ್ನಡ ನಾಡಿನಲ್ಲೇ ಇದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯ ನಸುಕಿಗೂ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆಲ್ಲ ತಿಕ್ಕಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಇಳಿದು ಹೋಗುವವರೆಗೆ ಕತ್ತಿ ಬೀಸುತ್ತಿದ್ದ. ಆಮೇಲೆ ಜಟ್ಟಿಯೊಬ್ಬನ ಜತೆ ಕುಸ್ತಿ. ಇಷ್ಟೆಲ್ಲ ಆದ ಮೇಲೆ ಕುದುರೆ ಹತ್ತಿ, ಬೆಳಕು ಹರಿಯುವವರೆಗೆ ಬಯಲಲ್ಲಿ ಅತ್ತಿಂದಿತ್ತ ಓಡಿಸುತ್ತಿದ್ದ. ಮೈ ದಣಿದ ಮೇಲೆ ಸವಾರಿ ಬೇಡ ಎಂದು ಇಂದಿನ ತರಬೇತುದಾರರು ಹೇಳಿಯಾರು. ರಾಯ ಕೇಳುತ್ತಿದ್ದನೆಂಬ ಭರವಸೆ ಇಲ್ಲ. ಅವನಿಗಿಂತ ನಾಲ್ಕು ಶತಮಾನ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ಸಾಲಿಗೆ ಕುದುರೆ ಮೇಲಿನ ಚೆಂಡಾಟವನ್ನೂ ಸೇರಿಸಿದ್ದಾನೆ. 

ದೇಹದ ಶ್ರಮವನ್ನು ಅಳೆಯಲು ವಿಜ್ಞಾನಿಗಳು 'ಮೆಟ್' ಎಂಬ ಮಾನವನ್ನು ಬಳಸುತ್ತಾರೆ. ಸುಮ್ಮನೆ ಕುಳಿತಾಗ ಖರ್ಚಾಗುವ ಶಕ್ತಿ 1 ಮೆಟ್. ಸ್ಥೂಲವಾಗಿ ಒಂದು ಕಿಲೋ ತೂಕಕ್ಕೆ ಗಂಟೆಗೆ ಒಂದು ಕಿಲೋ ಕ್ಯಾಲೊರಿ. 2011ರಲ್ಲಿ ಪರಿಷ್ಕೃತವಾದ ದೈಹಿಕ ಚಟುವಟಿಕೆಗಳ ಪಟ್ಟಿಯ ಪ್ರಕಾರ ಕುದುರೆ ನಡೆಯುತ್ತಿದ್ದರೆ ಸವಾರನ ಶ್ರಮ 3.8 ಮೆಟ್, ಟ್ರಾಟ್‌ನಲ್ಲಿ (ಕುಲುಕು ಓಟ) 5.8, ಅದಕ್ಕಿಂತ ವೇಗದ ಕ್ಯಾಂಟರ್ ಅಥವಾ ನಾಗಾಲೋಟದಲ್ಲಿ 7.3. ಅಂದರೆ 60 ಕಿಲೋ ತೂಕದವರು ಗಂಟೆ ಹೊತ್ತು ಕುದುರೆ ನಡೆಸಿದರೆ ಸುಮಾರು 230 ಕಿಲೋ ಕ್ಯಾಲೊರಿ, ಟ್ರಾಟ್‌ನಲ್ಲಿ 350ರ ಹತ್ತಿರ ಖರ್ಚಾಗುತ್ತದೆ. ಗಂಟೆಗಟ್ಟಲೆ ನಾಗಾಲೋಟ ಸಾಧ್ಯವಿಲ್ಲ, ಕುದುರೆಯೇ ಸೋತುಹೋಗುತ್ತದೆ. ಅದೇ ಪಟ್ಟಿಯಲ್ಲಿ ಬರಿಗೈಯಲ್ಲಿ ಗುಡ್ಡ ಹತ್ತುವುದಕ್ಕೆ 6.3 ಮೆಟ್ ಇದೆ. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ ಕರಿಸಿದ್ಧೇಶ್ವರನ ಬೆಟ್ಟವನ್ನು ನಡೆದು ಹತ್ತುವ ಭಕ್ತರಿಗೆ ಟ್ರಾಟ್ ಮಾಡಿಸುವ ಸವಾರನಿಗಿಂತ ಹೆಚ್ಚು ದಣಿವಾಗುವುದು ಸಹಜ. ಅದೂ ಕಾಸು ಖರ್ಚಿಲ್ಲದೆ.

ಪಟ್ಟಿಯಲ್ಲಿ ಇನ್ನೊಂದು ತಮಾಷೆಯಿದೆ. ಕುದುರೆಯ ಮೈ ಉಜ್ಜಿ, ಜೀನು ಬಿಗಿದು ಸಜ್ಜು ಮಾಡುವುದು 4.5 ಮೆಟ್, ಮೇವು ನೀರು ಹೊತ್ತು ಲಾಯ ಗುಡಿಸುವುದು 4.3. ಕುದುರೆಯೇರಿ ನಿಧಾನವಾಗಿ ಸಾಗುವ ಯಜಮಾನನಿಗಿಂತ ಲಾಯದ ಆಳಿಗೇ ವ್ಯಾಯಾಮ ಜಾಸ್ತಿ.

ಸವಾರಿಯ ನಿಜವಾದ ಲಾಭ ಕ್ಯಾಲೊರಿಯ ಲೆಕ್ಕದಲ್ಲಿ ಕಾಣುವುದಿಲ್ಲ, ನಡೆಯ ಬಗೆಗಳಲ್ಲಿ ಕಾಣುತ್ತದೆ. ನಡಿಗೆಯಲ್ಲಿ ನಾಲ್ಕು ಗೊರಸುಗಳು ಒಂದಾದ ಮೇಲೊಂದು ನೆಲ ಮುಟ್ಟುತ್ತವೆ, ಕುಲುಕಾಟ ಕಡಿಮೆ. ಟ್ರಾಟ್‌ನಲ್ಲಿ ಮುಂದಿನ ಒಂದು ಕಾಲು ಮತ್ತು ಅದಕ್ಕೆ ಓರೆಯಾಗಿರುವ ಹಿಂದಿನ ಕಾಲು ಜತೆಯಾಗಿ ಊರುತ್ತವೆ. ಒಂದು ಜೋಡಿ ಎದ್ದು ಇನ್ನೊಂದು ಊರುವ ಮುಂಚೆ ಕುದುರೆ ಕ್ಷಣಕಾಲ ಗಾಳಿಯಲ್ಲಿರುತ್ತದೆ. ಹೀಗೆ ಸುತ್ತಿಗೆರಡು ಸಲ ಬೆನ್ನು ಪುಟಿಯುತ್ತದೆ, ಹೊಸಬರು ಜೀನಿನ ಮೇಲೆ ಧಡಧಡ ಕುಕ್ಕುತ್ತಾರೆ. ಪಳಗಿದವರು ಒಂದು ಪುಟಿತಕ್ಕೆ ರಿಕಾಪಿನ ಮೇಲೆ ಏಳುತ್ತಾರೆ, ಮುಂದಿನದಕ್ಕೆ ಕೂರುತ್ತಾರೆ. ಇದು ಲಯಬದ್ಧವಾದ ಅರೆಬಸ್ಕಿಯೇ. ಹತ್ತು ನಿಮಿಷದಲ್ಲಿ ಏದುಸಿರು ಬರುತ್ತದೆ. ಮೂರು ತಾಳದ ಕ್ಯಾಂಟರ್ ತೊಟ್ಟಿಲಂತೆ ತೂಗುತ್ತದೆ, ಅದನ್ನು ತಾಳಿಕೊಳ್ಳುವುದು ಟ್ರಾಟ್‌ಗಿಂತ ಸುಲಭ ಎನ್ನುವವರೇ ಹೆಚ್ಚು. ನಾಗಾಲೋಟದಲ್ಲಿ ವೇಗ ಗಂಟೆಗೆ 40 ಕಿಲೋಮೀಟರ್ ದಾಟುತ್ತದೆ.

ಕೂರುವ ಭಂಗಿಗೂ ನಿಯಮವಿದೆ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರ ಗೆರೆಯಲ್ಲಿರಬೇಕು. ಪಾದದ ಮುಂಭಾಗ ಮಾತ್ರ ರಿಕಾಪಿನ ಮೇಲೆ, ಹಿಮ್ಮಡಿ ಕೆಳಕ್ಕೆ. ಹೆದರಿದವರು ಮೊಣಕಾಲಿನಿಂದ ಕುದುರೆಯನ್ನು ಅವುಚಿಕೊಳ್ಳುತ್ತಾರೆ. ಅದರಿಂದ ಮೈ ಮೇಲಕ್ಕೆ ಚಿಮ್ಮುತ್ತದೆಯೇ ಹೊರತು ನೆಲೆ ಸಿಗುವುದಿಲ್ಲ. ತೊಡೆಯ ಒಳಭಾಗದ ಸ್ನಾಯುಗಳು ಬೇಕಾದಷ್ಟೇ ಬಿಗಿಯಾಗಿರಬೇಕು, ಹೊಟ್ಟೆ ಮತ್ತು ಬೆನ್ನಿನ ಆಳದ ಸ್ನಾಯುಗಳು ಕುಲುಕಾಟವನ್ನು ನುಂಗಿಕೊಳ್ಳಬೇಕು. ಕೈಕಾಲು ಹೆಚ್ಚು ಅಲ್ಲಾಡದಿದ್ದರೂ ಈ ಸ್ನಾಯುಗಳು ಬಿಡುವಿಲ್ಲದೆ ದುಡಿಯುವುದರಿಂದ ಹೃದಯದ ಬಡಿತ ಏರುತ್ತದೆ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಡೆಯಲು ಸೋಮಾರಿಯಾದವರನ್ನು ಕುರಿತದ್ದು. ಮೊದಲ ದಿನ ಸವಾರಿ ಮಾಡಿ ಇಳಿದವರಿಗೆ ಮರುದಿನ ತೊಡೆಸಂದಿ ಹಿಡಿದುಕೊಂಡು, ಮೆಟ್ಟಿಲಿಳಿಯುವಾಗ ಅದರ ಇನ್ನೊಂದು ಅರ್ಥವೂ ಹೊಳೆಯುತ್ತದೆ.

ಕುದುರೆಯ ನಡಿಗೆ ವೈದ್ಯಕೀಯಕ್ಕೂ ಒದಗಿದೆ. ನಡೆಯುವ ಕುದುರೆಯ ಬೆನ್ನು ನಿಮಿಷಕ್ಕೆ ಸುಮಾರು 100 ಸಲ ಸವಾರನ ಸೊಂಟದ ಎಲುಬನ್ನು ಅಲುಗಿಸುತ್ತದೆ. ಹಿಂದೆ ಮುಂದೆ, ಅಕ್ಕಪಕ್ಕ, ಜತೆಗೊಂದಿಷ್ಟು ತಿರುವು. ಮನುಷ್ಯ ತಾನೇ ನಡೆಯುವಾಗಲೂ ಸೊಂಟ ಬಹುಮಟ್ಟಿಗೆ ಹೀಗೆಯೇ ಆಡುತ್ತದೆ. ಆದ್ದರಿಂದ ನಡೆಯಲಾರದ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನು ಚಿಕಿತ್ಸಕರ ನಿಗಾದಲ್ಲಿ ಕುದುರೆಯ ಮೇಲೆ ಕೂರಿಸಿ, ನಡಿಗೆಯ ಅನುಭವವನ್ನು ದೇಹಕ್ಕೆ ಕೊಡುವ ಪದ್ಧತಿ ಬೆಳೆದಿದೆ. ಸಮತೋಲ ಮತ್ತು ಕೂರುವ ಭಂಗಿಯಲ್ಲಿ ಸುಧಾರಣೆ ಕಂಡಿದೆ. ಆದರೆ ಕಾಯಿಲೆ ವಾಸಿಯಾಗುತ್ತದೆಂಬುದು ಸುಳ್ಳು ಭರವಸೆ. ಈ ಚಿಕಿತ್ಸೆಗೆ ಹೆಸರು ತಂದವರು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. 1944ರಲ್ಲಿ ಪೋಲಿಯೊದಿಂದ ಮೊಣಕಾಲಿನ ಕೆಳಗೆ ಶಕ್ತಿ ಕಳೆದುಕೊಂಡ ಆಕೆ, ಕುದುರೆ ಹತ್ತಿಳಿಯಲು ಬೇರೆಯವರ ನೆರವು ಬೇಕಿದ್ದಾಗಲೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು.

ಕರ್ನಾಟಕದಲ್ಲಿ ಸವಾರಿ ಕಲಿಯುವ ಅವಕಾಶ ಇರುವುದು ಹೆಚ್ಚಾಗಿ ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ. ಮೈಸೂರಿನ ಅಶ್ವಾರೋಹಿ ಪೊಲೀಸರನ್ನು ದಸರಾ ಮೆರವಣಿಗೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್ ಎಂಬ ಸವಾರಿ ಸ್ಪರ್ಧೆಯಲ್ಲಿ ವೈಯಕ್ತಿಕ ಬೆಳ್ಳಿಯನ್ನೂ ತಂಡದ ಬೆಳ್ಳಿಯನ್ನೂ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಗಂಡಸರೂ ಹೆಂಗಸರೂ ಒಂದೇ ಸ್ಪರ್ಧೆಯಲ್ಲಿ ಸೆಣಸುವ ಅಪರೂಪದ ಆಟವಿದು. ತೋಳ್ಬಲಕ್ಕಿಂತ ಸಮತೋಲವೇ ಇಲ್ಲಿ ದೊಡ್ಡದು.

ಅಪಾಯ ಮಾತ್ರ ಸಣ್ಣದಲ್ಲ. ಸವಾರನ ತಲೆ ನೆಲದಿಂದ ಎರಡು ಮೀಟರಿಗೂ ಮೇಲಿರುತ್ತದೆ, ಕೆಳಗಿರುವುದು ಬೆಚ್ಚಿ ಬೀಳುವ ಸ್ವಭಾವದ, 400–500 ಕಿಲೋ ತೂಕದ ಪ್ರಾಣಿ. ತಲೆಪೆಟ್ಟು ಎಲ್ಲಕ್ಕಿಂತ ಘೋರ, ಆದ್ದರಿಂದ ಸವಾರಿಗೆಂದೇ ಮಾಡಿದ ಹೆಲ್ಮೆಟ್ ಇಲ್ಲದೆ ಹತ್ತಬಾರದು. ಬೂಟಿಗೆ ಚಿಕ್ಕ ಹಿಮ್ಮಡಿ ಇರಬೇಕು. ಇಲ್ಲದಿದ್ದರೆ ಪಾದ ರಿಕಾಪಿನೊಳಕ್ಕೆ ಜಾರಿ ಸಿಕ್ಕಿಕೊಂಡು, ಬಿದ್ದವರನ್ನು ಕುದುರೆ ಎಳೆದೊಯ್ಯಬಹುದು. ಮೂಳೆ ಸವೆದವರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಸವಾರಿಗೆ ಇಳಿಯುವುದು ಸಲ್ಲ.

ಕುದುರೆಯ ಬೆನ್ನಿಗೂ ಮಿತಿಯುಂಟು. ಸವಾರ, ಜೀನು ಎಲ್ಲ ಸೇರಿ ಅದರ ತೂಕದ ಐದನೇ ಒಂದು ಪಾಲು ಮೀರಬಾರದೆಂಬುದು ಸಾಮಾನ್ಯ ಅಳತೆ. 450 ಕಿಲೋ ಕುದುರೆಗೆ 90 ಕಿಲೋ. ತೂಕ ಇಳಿಸಲೆಂದೇ ಸವಾರಿಗೆ ಹೊರಟವರು ಈ ಲೆಕ್ಕವನ್ನು ಮೊದಲೇ ನೋಡಿಕೊಳ್ಳಬೇಕು.