ಬಾಲ್ಟಿಕ್ ಸಮುದ್ರವೂ ನೆರೆರಾಜ್ಯಗಳ ಸಹಕಾರವೂ

ನಮ್ಮ ಪಾಠಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಯೂರೋಪು ಖಂಡದ ಹಳೆಯ ಭೂಪಟವೊಂದು ತೂಗುತ್ತಿದೆ. ಅಂಚುಗಳು ಹರಿದಿವೆ, ಬಣ್ಣ ಮಾಸಿದೆ. ಬೆನ್ನಿಗೆ ಅಂಟಿಸಿದ ಬಟ್ಟೆಯ ಬಲದಿಂದ ಇನ್ನೂ ನಿಂತಿದೆ. ಅದರಲ್ಲಿ ಬಾಲ್ಟಿಕ್ ಸಮುದ್ರದ ಸುತ್ತ ಏಳು ರಾಜ್ಯಗಳಿವೆ: ಸ್ವೀಡನ್, ಫಿನ್ಲೆಂಡ್, ಸೋವಿಯತ್ ಒಕ್ಕೂಟ, ಪೋಲೆಂಡ್, ಪೂರ್ವ ಜರ್ಮನಿ, ಪಶ್ಚಿಮ ಜರ್ಮನಿ, ಡೆನ್ಮಾರ್ಕ್. ಮಕ್ಕಳ ಕೈಯಲ್ಲಿರುವ ಈಗಿನ ಭೂಪಟದಲ್ಲಿ ಅದೇ ಸಮುದ್ರದ ಸುತ್ತ ಒಂಬತ್ತು ರಾಜ್ಯಗಳು. ಜರ್ಮನಿ ಒಂದಾಯಿತು, ಸೋವಿಯತ್ ಒಕ್ಕೂಟ ಇಲ್ಲವಾಗಿ ಅದರ ಜಾಗದಲ್ಲಿ ರಷ್ಯ, ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯಗಳು ಕಾಣಿಸಿಕೊಂಡವು. ಎರಡನ್ನೂ ಹೋಲಿಸಿ ನೋಡಿದ ಬಾಲಕನೊಬ್ಬ, "ಗುರುಗಳೇ, ಸಮುದ್ರ ದೊಡ್ಡದಾಯಿತೇ?" ಎಂದು ಕೇಳಿದ. ಸಮುದ್ರ ಇದ್ದಷ್ಟೇ ಇದೆಯಪ್ಪ, ದಡದವರು ಬದಲಾದರು, ಎಂದೆ. ಆ ಉತ್ತರವನ್ನು ಕೊಟ್ಟ ಮೇಲೆ ವಿಷಯ ನನ್ನನ್ನೇ ಬಿಡಲಿಲ್ಲ. ದಡದವರು ಹೀಗೆ ಬದಲಾಗುತ್ತಿರುವಾಗ, ಒಬ್ಬರನ್ನೊಬ್ಬರು ನಂಬದಿರುವಾಗ, ಸಮುದ್ರವನ್ನು ನೋಡಿಕೊಳ್ಳುವವರು ಯಾರು? ಭೂಗೋಳದ ಅಧ್ಯಾಪಕರ ನೆರವಿನಿಂದ ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಈ ಸಮುದ್ರದ ಸ್ವಭಾವವನ್ನು ಅರಿಯಬೇಕು. ಅದರ ವಿಸ್ತೀರ್ಣ ಸುಮಾರು 4,20,000 ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕದ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಆಳವೋ ಸರಾಸರಿ 55 ಮೀಟರು ಮಾತ್ರ. ನಮ್ಮ ಕೋಶಕಾರರು ಸಮುದ್ರಕ್ಕೆ ಕೊಟ್ಟ ಹೆಸರುಗಳಲ್ಲಿ ಲವಣಾಂಬುಧಿ ಎಂಬುದು ಇದಕ್ಕೆ ಸರಿಯಾಗಿ ಸಲ್ಲದು. ಮಹಾಸಾಗರದ ಒಂದು ಸಾವಿರ ಪಾಲು ನೀರಿನಲ್ಲಿ 35 ಪಾಲು ಉಪ್ಪಿದ್ದರೆ, ಬಾಲ್ಟಿಕ್‌ನ ನಡುಭಾಗದ ಮೇಲ್ನೀರಿನಲ್ಲಿ ಏಳೋ ಎಂಟೋ ಪಾಲು. ಸುತ್ತಲಿನ ನದಿಗಳು ಸಿಹಿನೀರನ್ನು ತಂದು ಸುರಿಯುತ್ತವೆ. ಉಪ್ಪುನೀರು ಒಳಬರಲು ಡೆನ್ಮಾರ್ಕಿನ ಬಳಿಯ ಇಕ್ಕಟ್ಟಾದ ಜಲಸಂಧಿಗಳಲ್ಲದೆ ಬೇರೆ ದಾರಿಯಿಲ್ಲ. ಆದ್ದರಿಂದ ಇದರ ನೀರು ಒಮ್ಮೆ ಪೂರ್ತಿಯಾಗಿ ಬದಲಾಗಲು ಸುಮಾರು ಮೂವತ್ತು ವರ್ಷ ಬೇಕು. ಇಂದು ಸುರಿದ ಕೊಳೆ ಮೊಮ್ಮಕ್ಕಳ ಕಾಲದವರೆಗೂ ಅಲ್ಲಿಯೇ ಸುತ್ತುತ್ತಿರುತ್ತದೆ.

ಹದಿನಾಲ್ಕು ದೇಶಗಳ ನೆಲದಿಂದ, ಸುಮಾರು ಹದಿನೇಳು ಲಕ್ಷ ಚದರ ಕಿಲೋಮೀಟರು ವಿಸ್ತಾರದ ಜಲಾನಯನ ಪ್ರದೇಶದಿಂದ, ಈ ಬಾಗಿಲಿಲ್ಲದ ಕೊಳಕ್ಕೆ ನೀರು ಹರಿದು ಬರುತ್ತದೆ. ಅಲ್ಲಿ ವಾಸಿಸುವವರು ಎಂಟೂವರೆ ಕೋಟಿ ಜನ. ಹೊಲಗಳ ಗೊಬ್ಬರದಲ್ಲಿರುವ ಸಾರಜನಕ, ರಂಜಕಗಳೂ ಪಟ್ಟಣಗಳ ಚರಂಡಿಯ ನೀರೂ ಕಡಲಿಗೆ ಸೇರಿದಾಗ ಪಾಚಿ ಹುಲುಸಾಗಿ ಬೆಳೆಯುತ್ತದೆ. ವಿಜ್ಞಾನದವರು ಇದನ್ನು ಅತಿಪೋಷಣೆ ಎನ್ನುತ್ತಾರೆ. ಹಸಿವಿನಿಂದ ಸಾಯುವುದನ್ನು ನಾವು ಬಲ್ಲೆವು. ಈ ಸಮುದ್ರ ಉಂಡುಂಡೇ ಸಾಯುತ್ತಿದೆ. ಸತ್ತ ಪಾಚಿ ತಳಕ್ಕಿಳಿದು ಕೊಳೆಯುವಾಗ ಅಲ್ಲಿಯ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮೇಲೆ ಹಗುರಾದ ಸಿಹಿನೀರು, ಕೆಳಗೆ ಭಾರವಾದ ಉಪ್ಪುನೀರು. ಎರಡೂ ಬೆರೆಯುವುದಿಲ್ಲವಾಗಿ ಮೇಲಿನ ಗಾಳಿ ಕೆಳಕ್ಕೆ ಮುಟ್ಟುವುದಿಲ್ಲ. ಪಡುವಣದಿಂದ ಬಹುದಿನ ಬಿರುಗಾಳಿ ಬೀಸಿ ಉತ್ತರ ಸಮುದ್ರದ ಹೊಸ ನೀರನ್ನು ಒಳತಳ್ಳಿದಾಗ ಮಾತ್ರ ತಳಕ್ಕೆ ಉಸಿರು ಬರುತ್ತದೆ. 2014ರ ಡಿಸೆಂಬರಿನಲ್ಲಿ ಅಂಥದೊಂದು ಭಾರಿ ಪ್ರವಾಹ ಬಂದಿತು. ಅಂಥವು ಅಪರೂಪ.

ಈ ದುಃಸ್ಥಿತಿ 1960ರ ದಶಕದಲ್ಲಿಯೇ ಕಣ್ಣಿಗೆ ಬಿದ್ದಿತ್ತು. ಸ್ವೀಡನ್ ಕರಾವಳಿಯ ಬಿಳಿಬಾಲದ ಹದ್ದುಗಳ ಮೊಟ್ಟೆಗಳು ಮರಿಯಾಗದೆ ಹೋದವು; ನೀರುನಾಯಿಯನ್ನು ಹೋಲುವ ಸೀಲ್ ಪ್ರಾಣಿಗಳು ಬಂಜೆಯಾದವು. ಡಿ.ಡಿ.ಟಿ. ಮತ್ತು ಪಿ.ಸಿ.ಬಿ. ಎಂಬ ರಾಸಾಯನಿಕಗಳೇ ಕಾರಣವೆಂದು ಸಂಶೋಧಕರು ತೋರಿಸಿದರು. ರೋಗ ತಿಳಿದರೂ ಔಷಧ ಕೊಡಲು ಎಲ್ಲರೂ ಒಂದೆಡೆ ಸೇರಬೇಕು. ಸೇರುವುದೆಂತು? ಡೆನ್ಮಾರ್ಕ್, ಪಶ್ಚಿಮ ಜರ್ಮನಿಗಳು ನೇಟೋ ಕೂಟದವು. ಪೋಲೆಂಡ್, ಪೂರ್ವ ಜರ್ಮನಿ, ಸೋವಿಯತ್ ಒಕ್ಕೂಟಗಳು ವಾರ್ಸಾ ಕೂಟದವು. ಎರಡು ಜರ್ಮನಿಗಳು 1972ರ ಕೊನೆಯಲ್ಲಿ ತಮ್ಮ ಮೂಲ ಒಪ್ಪಂದಕ್ಕೆ ರುಜು ಹಾಕುವವರೆಗೂ ಒಂದೇ ಮೇಜಿನ ಮುಂದೆ ಸಮಾನರಾಗಿ ಕೂರುವುದೇ ಪ್ರಯಾಸವಾಗಿತ್ತು. ಯಾವ ಕೂಟಕ್ಕೂ ಸೇರದ ಫಿನ್ಲೆಂಡು ಮನೆಯ ಬಾಗಿಲು ತೆರೆಯಿತು. 1974ರ ಮಾರ್ಚ್ 22ರಂದು ಅದರ ರಾಜಧಾನಿ ಹೆಲ್ಸಿಂಕಿಯಲ್ಲಿ ಏಳು ರಾಜ್ಯಗಳೂ ಒಡಂಬಡಿಕೆಗೆ ಸಹಿ ಹಾಕಿದವು. ಹಡಗಿನ ಎಣ್ಣೆ, ನೆಲದ ಕೊಳೆ, ಗಾಳಿಯಿಂದ ಬೀಳುವ ವಿಷ, ಈ ಎಲ್ಲ ಮೂಲಗಳನ್ನೂ ಒಟ್ಟಿಗೆ ಹಿಡಿದು ಒಂದು ಇಡೀ ಸಮುದ್ರವನ್ನು ಕುರಿತು ಮಾಡಿಕೊಂಡ ಮೊದಲ ಒಪ್ಪಂದ ಅದು. 1980ರ ಮೇ 3ರಿಂದ ಜಾರಿಗೆ ಬಂದಿತು. ಅದರ ನಿರ್ವಹಣೆಗೆ ಏರ್ಪಟ್ಟ ಆಯೋಗವನ್ನು ಹೆಲ್ಕಾಮ್ ಎಂಬ ಸಂಕ್ಷೇಪನಾಮದಿಂದ ಕರೆಯುತ್ತಾರೆ.

ಇಲ್ಲಿ ವ್ಯಾಕರಣದ ಮಾತೊಂದನ್ನು ಆಡಲು ವಾಚಕರು ಅಪ್ಪಣೆ ಕೊಡಬೇಕು. ಜಲಸಂಧಿಯಲ್ಲಿರುವುದೂ ಸಂಧಿ, ಅರಸರು ಮಾಡಿಕೊಳ್ಳುವ ಒಪ್ಪಂದವೂ ಸಂಧಿ, ಅಕ್ಷರಗಳು ಕೂಡುವುದೂ ಸಂಧಿ. ಅಕ್ಷರಸಂಧಿಯಲ್ಲಿ ಒಂದು ಲೋಪವಾಗಬೇಕು, ಇಲ್ಲವೆ ನಡುವೆ ಒಂದು ಬರಬೇಕು, ಇಲ್ಲವೆ ಒಂದರ ಜಾಗಕ್ಕೆ ಮತ್ತೊಂದು ಬರಬೇಕು. ಆದರೆ ಕೆಲವೆಡೆ ಸ್ವರಗಳು ಪಕ್ಕಪಕ್ಕದಲ್ಲಿದ್ದೂ ಇದ್ದಂತೆಯೇ ಉಳಿಯುತ್ತವೆ. ಅದನ್ನು ಪ್ರಕೃತಿಭಾವ ಎನ್ನುತ್ತೇವೆ. ಹೆಲ್ಸಿಂಕಿಯಲ್ಲಿ ಆದದ್ದು ಪ್ರಕೃತಿಭಾವದ ಸಂಧಿ. ಯಾರೂ ತಮ್ಮ ಅಧಿಕಾರದ ಒಂದು ಮಾತ್ರೆಯನ್ನೂ ಬಿಟ್ಟುಕೊಡಲಿಲ್ಲ. ಆಯೋಗದ ಶಿಫಾರಸುಗಳಿಗೆ ಎಲ್ಲರೂ ಒಪ್ಪಬೇಕು. ಒಬ್ಬರು ಒಲ್ಲೆನೆಂದರೂ ಮುಂದುವರಿಯದು. ಒಪ್ಪಿದ ಮೇಲೂ ಅವು ಸಲಹೆಗಳೇ ಹೊರತು ಆಜ್ಞೆಗಳಲ್ಲ. ಪಾಲಿಸದವರನ್ನು ದಂಡಿಸುವ ಕೋಲು ಆಯೋಗದ ಕೈಯಲ್ಲಿಲ್ಲ.

ಮತ್ತೊಂದು ಲೋಪವೂ ಇತ್ತು. 1974ರ ಒಡಂಬಡಿಕೆಯ ವ್ಯಾಪ್ತಿಗೆ ಆಯಾ ರಾಜ್ಯದ ಒಳನೀರು ಸೇರಿರಲಿಲ್ಲ. ಬಂದರು, ಕೊಲ್ಲಿಯ ಒಳಭಾಗ, ನದೀಮುಖ ಇವೆಲ್ಲ ಹೊರಗುಳಿದವು. ಕೊಳೆ ಹುಟ್ಟುವುದು ಅಲ್ಲಿಯೇ. ಹಜಾರವನ್ನು ಗುಡಿಸುತ್ತೇವೆ, ಬಚ್ಚಲಮನೆಯ ಬಾಗಿಲು ತೆಗೆಯಬೇಡಿ ಎಂದಂತಾಯಿತು. ಅಂಥ ಒಪ್ಪಂದದಿಂದ ಏನು ಪ್ರಯೋಜನ ಎಂದು ಕೇಳುವವರುಂಟು. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಆದರೆ ಪ್ರಯೋಜನ ಬೇರೊಂದು ಕಡೆಯಿಂದ ಬಂದಿತು. ವರ್ಷವರ್ಷವೂ ಏಳು ದೇಶಗಳ ತಜ್ಞರು ಕೂಡಿದರು. ಒಂದೇ ವಿಧಾನದಲ್ಲಿ ನೀರನ್ನು ಅಳೆಯುವುದು ಹೇಗೆಂದು ವಾದಿಸಿದರು, ಅಳತೆಯ ಪಟ್ಟಿಗಳನ್ನು ವಿನಿಮಯ ಮಾಡಿಕೊಂಡರು. ರಾಜಧಾನಿಗಳು ಮಾತು ಬಿಟ್ಟಿದ್ದ ದಿನಗಳಲ್ಲಿಯೂ ಇವರ ಮಾತು ನಿಲ್ಲಲಿಲ್ಲ. 1990ರ ಹೊತ್ತಿಗೆ ರಾಜಕೀಯದ ಗೋಡೆಗಳು ಬಿದ್ದಾಗ ಅಂಕಿಅಂಶಗಳೂ ಪರಿಚಯಗಳೂ ಸಿದ್ಧವಾಗಿದ್ದವು. 1992ರಲ್ಲಿ ಹೊಸ ಒಡಂಬಡಿಕೆಯಾಯಿತು. ಒಳನೀರೂ ಅದರೊಳಗೆ ಬಂದಿತು. ಅದೇ ವರ್ಷ ಕಡಲನ್ನು ಕೆಡಿಸುವ 132 ಮುಖ್ಯ ಸ್ಥಾನಗಳನ್ನು ಹೆಸರುಹೆಸರಾಗಿ ಪಟ್ಟಿ ಮಾಡಿದರು. ಹೆಚ್ಚಿನವು ಆಮೇಲೆ ದುರಸ್ತಿಯಾಗಿ ಆ ಪಟ್ಟಿಯಿಂದ ಹೊರಬಿದ್ದಿವೆ.

ಇವುಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದ ಕಥೆ ವಿಸ್ತಾರವಾಗಿ ಹೇಳತಕ್ಕದ್ದು. ಲೆನಿನ್‌ಗ್ರಾಡ್ ಎಂಬ ಹೆಸರಿದ್ದ ಕಾಲದಲ್ಲಿ, 1978ರವರೆಗೆ, ಆ ಮಹಾನಗರದ ಕೊಳೆನೀರೆಲ್ಲ ಶುದ್ಧಿಯಿಲ್ಲದೆ ನೆವಾ ನದಿಗೂ ಫಿನ್ಲೆಂಡ್ ಕೊಲ್ಲಿಗೂ ಸೇರುತ್ತಿತ್ತು. ಆ ವರ್ಷ ಮೊದಲ ದೊಡ್ಡ ಶುದ್ಧೀಕರಣ ಕೇಂದ್ರ ಬಂದಿತು. ನಗರದ ನೈಋತ್ಯಭಾಗಕ್ಕೆಂದು ಆರಂಭಿಸಿದ ಇನ್ನೊಂದು ಕೇಂದ್ರದ ಕಟ್ಟಡ ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ಹಣವಿಲ್ಲದೆ ಅರ್ಧಕ್ಕೆ ನಿಂತಿತು. ಕೊಲ್ಲಿಯ ಎದುರು ದಡದಲ್ಲಿರುವ ಫಿನ್ಲೆಂಡಿನವರು ಲೆಕ್ಕ ಹಾಕಿದರು. ತಮ್ಮ ಪಟ್ಟಣಗಳ ನೀರು ಆಗಲೇ ಬಹುಮಟ್ಟಿಗೆ ಶುದ್ಧವಾಗುತ್ತಿತ್ತು. ಅದರಿಂದ ಇನ್ನೊಂದು ಮಣ ರಂಜಕವನ್ನು ತೆಗೆಯಲು ತಗಲುವ ಖರ್ಚಿನಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹಲವು ಮಣ ತೆಗೆಯಬಹುದು. ಸ್ವಂತ ದಡ ತಿಳಿಯಾಗಬೇಕಾದರೆ ನೆರೆಯವನ ಚರಂಡಿಗೆ ಹಣ ಕೊಡುವುದೇ ಲಾಭ! ಫಿನ್ಲೆಂಡ್, ಸ್ವೀಡನ್ ಮೊದಲಾದವರ ಅನುದಾನವೂ ನಾರ್ಡಿಕ್ ಹೂಡಿಕೆ ಬ್ಯಾಂಕು ಮುಂತಾದವುಗಳ ಸಾಲವೂ ಸೇರಿ 2005ರಲ್ಲಿ ಆ ಕೇಂದ್ರ ಪೂರ್ಣಗೊಂಡಿತು. ಅನಂತರ ಜಾನ್ ನುರ್ಮಿನೆನ್ ಪ್ರತಿಷ್ಠಾನವೆಂಬ ಫಿನ್ಲೆಂಡಿನ ಖಾಸಗಿ ಸಂಸ್ಥೆ ಅದೇ ನಗರದಲ್ಲಿ ರಂಜಕವನ್ನು ತೆಗೆಯುವ ಏರ್ಪಾಡಿಗೆ ನೆರವಾಯಿತು. ದಾನವೆಂದರೆ ತನ್ನ ಊರಿನಲ್ಲಿ ಕಾಣುವಂತೆ ಕಟ್ಟಿಸಿದ್ದು ಎಂಬ ರೂಢಿಯ ನಡುವೆ, ಗಡಿಯಾಚೆಯ ಕೊಳವೆಯೊಳಗೆ ಅಡಗಿಹೋದ ಈ ದ್ರವ್ಯ ನನಗೆ ಬಹಳ ಹಿಡಿಸಿತು.

ಕೇಂದ್ರ ಸರ್ಕಾರಗಳಲ್ಲದೆ ನಗರಸಭೆಗಳೂ ಪ್ರಾಂತ್ಯ ಸರ್ಕಾರಗಳೂ ತಮ್ಮವೇ ಕೂಟಗಳನ್ನು ಕಟ್ಟಿಕೊಂಡಿವೆ. 1991ರಲ್ಲಿ ಪೋಲೆಂಡಿನ ಗ್ದಾನ್ಸ್ಕ್ ಪಟ್ಟಣದಲ್ಲಿ ಬಾಲ್ಟಿಕ್ ನಗರಗಳ ಒಕ್ಕೂಟ ಹುಟ್ಟಿತು. 1993ರಲ್ಲಿ ನಾರ್ವೆಯ ಸ್ತಾವಂಗರಿನಲ್ಲಿ ಪ್ರಾಂತ್ಯಗಳ ಸಹಕಾರ ಸಂಘ. ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳವರು ಸ್ವೀಡಿಷ್ ಭಾಷೆಯಾಡುವವರು. 1921ರಲ್ಲಿ ರಾಷ್ಟ್ರಸಂಘ ಮಾಡಿದ ತೀರ್ಮಾನದಿಂದ ಸ್ವಾಯತ್ತತೆ ಪಡೆದವರು. ಪರಿಸರ ಕುರಿತ ಕಾನೂನುಗಳನ್ನು ಅವರೇ ಮಾಡಿಕೊಳ್ಳುತ್ತಾರೆ. ಚರಂಡಿ, ಬಂದರು, ದೋಣಿಕಟ್ಟೆಗಳು ನಿಜವಾಗಿ ಇಂಥವರ ಕೈಯಲ್ಲಿಯೇ ಇರುವುದರಿಂದ ಮಂತ್ರಿಗಳ ಸಭೆಗಿಂತ ಇವರ ಸಭೆಯಲ್ಲಿ ಕೆಲಸದ ಮಾತು ಹೆಚ್ಚೆಂದು ನನ್ನ ಅಭಿಪ್ರಾಯ. ಮಂತ್ರಿಗಳ ಮಟ್ಟದಲ್ಲಿ ಬಾಲ್ಟಿಕ್ ಸಮುದ್ರ ರಾಜ್ಯಗಳ ಪರಿಷತ್ತು 1992ರ ಮಾರ್ಚಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಸ್ಥಾಪನೆಯಾಯಿತು. ಅದರ ಕಾರ್ಯಾಲಯ ಸ್ಟಾಕ್‌ಹೋಮಿನಲ್ಲಿದೆ.

ಫಲವೇನು? ಹದ್ದುಗಳು ಮರಳಿ ಬಂದಿವೆ. 1970ರ ದಶಕದಲ್ಲಿ ಕೆಲವೇ ಸಾವಿರಕ್ಕೆ ಇಳಿದಿದ್ದ ಬೂದುಬಣ್ಣದ ಸೀಲ್‌ಗಳು ಈಗ ಎಣಿಕೆಗೆ ಸಿಕ್ಕುವಷ್ಟೇ 40,000ದಷ್ಟಿವೆ. ವಿಷವನ್ನು ನಿಷೇಧಿಸಿದೆಡೆ, ಕೊಳವೆಯ ಬಾಯಿಗೆ ಯಂತ್ರ ಕೂಡಿಸಿದೆಡೆ ಗೆಲುವಾಯಿತು. ಹೊಲದ ಗೊಬ್ಬರಕ್ಕೆ ಅಂಥ ಬಾಯಿಯಿಲ್ಲ. ಲಕ್ಷಾಂತರ ರೈತರ ನೆಲದಿಂದ ಮಳೆಯೊಡನೆ ಅದು ಜಾರಿ ಬರುತ್ತದೆ. ಯಾವ ರೈತನೂ ತಪ್ಪಿತಸ್ಥನಲ್ಲ, ಎಲ್ಲರೂ ಸೇರಿದರೆ ಕಡಲು ಕೆಡುತ್ತದೆ. 2007ರಲ್ಲಿ ಕ್ರಾಕೋವ್ ನಗರದಲ್ಲಿ ಕೂಡಿ, 2021ರೊಳಗೆ ಸಮುದ್ರವನ್ನು ಸುಸ್ಥಿತಿಗೆ ತರುವೆವೆಂದು ಪ್ರತಿಜ್ಞೆ ಮಾಡಿದರು. ಆ ವರ್ಷ ಬಂದಿತು, ಪ್ರತಿಜ್ಞೆ ನೆರವೇರಲಿಲ್ಲ. ಲೂಬೆಕ್ ನಗರದಲ್ಲಿ ಮತ್ತೆ ಕೂಡಿ 2030 ಎಂದು ತಿದ್ದಿದರು. ಹೊರಗಿನಿಂದ ಬರುವ ರಂಜಕ 1980ರ ದಶಕಕ್ಕಿಂತ ಬಹಳ ತಗ್ಗಿದೆ. ಆದರೂ ಸಮುದ್ರದ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಭಾಗದಲ್ಲಿ ಅತಿಪೋಷಣೆ ಇದೆ. ಏಕೆಂದರೆ ತಳದ ಕೆಸರಿನಲ್ಲಿ ಹಿಂದಿನವರು ಸುರಿದದ್ದು ಸೇರಿಕೊಂಡಿದೆ. ಆಮ್ಲಜನಕ ಇಲ್ಲದಾಗ ಆ ಕೆಸರು ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಪೂರ್ವಭಾಗದ ಕಾಡ್ ಮೀನು ಎಷ್ಟು ಕ್ಷೀಣಿಸಿತೆಂದರೆ 2019ರಲ್ಲಿ ಯೂರೋಪಿಯನ್ ಒಕ್ಕೂಟ ಅದನ್ನು ಹಿಡಿಯುವುದನ್ನೇ ತಡೆಯಬೇಕಾಯಿತು.

ಇಷ್ಟರಲ್ಲಿ 2022ರ ಫೆಬ್ರವರಿ ಬಂದಿತು. ರಷ್ಯ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಮಾರ್ಚಿನಲ್ಲಿ ಬಾಲ್ಟಿಕ್ ರಾಜ್ಯಗಳ ಪರಿಷತ್ತು ಅದನ್ನು ಅಮಾನತಿನಲ್ಲಿಟ್ಟಿತು. ಮೇ ತಿಂಗಳಲ್ಲಿ ಅದು ತಾನೇ ಹೊರನಡೆಯಿತು. ಫಿನ್ಲೆಂಡು 2023ರಲ್ಲಿ, ಸ್ವೀಡನ್ನು 2024ರಲ್ಲಿ ನೇಟೋ ಸೇರಿದವು. ಒಂದು ಕಾಲಕ್ಕೆ ಎಲ್ಲರನ್ನೂ ಮನೆಗೆ ಕರೆದಿದ್ದ ತಟಸ್ಥ ಯಜಮಾನನೇ ಈಗ ಒಂದು ಪಕ್ಷದವನಾಗಿದ್ದಾನೆ. ಅದನ್ನು ತಪ್ಪೆಂದು ನಾನು ಹೇಳುವುದಿಲ್ಲ; ಅವನ ನೆಲದ ಗಡಿ ಎಷ್ಟು ಉದ್ದವೆಂಬುದು ಭೂಪಟ ನೋಡಿದವರಿಗೆ ಗೊತ್ತು. ಹೆಲ್ಸಿಂಕಿ ಒಡಂಬಡಿಕೆಯಿಂದ ಮಾತ್ರ 2022ರಲ್ಲಿ ರಷ್ಯ ಹೊರಬೀಳಲಿಲ್ಲ. ಆಯೋಗ ಎಂದಿನ ಸಭೆಗಳನ್ನು ನಿಲ್ಲಿಸಿತು. ಉಳಿದವರು ತಮ್ಮತಮ್ಮಲ್ಲಿ ಸಮಾಲೋಚಿಸುತ್ತ, ರಷ್ಯದೊಡನೆ ಪತ್ರಮುಖೇನ ವ್ಯವಹರಿಸುವ ದಾರಿ ಹಿಡಿದರು. 1974ರ ಶೀತಲ ಸಮರದ ನಡುವೆಯೂ ಎದುರುಬದುರು ಕೂತವರು ಈಗ ಕಾಗದಗಳಲ್ಲಿ ಭೇಟಿಯಾಗುತ್ತಿದ್ದಾರೆ. ಒಮ್ಮತವಿಲ್ಲದೆ ಏನೂ ನಡೆಯದೆಂಬ ಹಳೆಯ ನಿಯಮ ಇದ್ದೇ ಇದೆ. ಬಾಲ್ಟಿಕ್‌ಗೆ ಬರುವ ನದಿಗಳಲ್ಲೆಲ್ಲ ಅತ್ಯಧಿಕ ನೀರನ್ನು ತರುವುದು ನೆವಾ. ಅದು ಯಾವ ಪರಿಷತ್ತಿಗೂ ರಾಜೀನಾಮೆ ಕೊಟ್ಟಿಲ್ಲ.

ನಮ್ಮ ದೇಶವೂ ಇಂಥದೊಂದು ಏರ್ಪಾಡಿಗೆ ಸೇರಿದೆಯೆಂಬುದು ಬಹುಜನರಿಗೆ ತಿಳಿಯದು. ಬಾಂಗ್ಲಾದೇಶ, ಭಾರತ, ಮಾಲ್ಡೀವ್ಸ್, ಪಾಕಿಸ್ತಾನ, ಶ್ರೀಲಂಕಾ ಈ ಐದು ದೇಶಗಳು ದಕ್ಷಿಣ ಏಷ್ಯದ ಸಮುದ್ರಗಳಿಗಾಗಿ 1995ರಲ್ಲಿ ನವದೆಹಲಿಯಲ್ಲಿ ಕಾರ್ಯಯೋಜನೆಯೊಂದನ್ನು ಅಂಗೀಕರಿಸಿದವು. ಕಾರವಾರ, ಮಂಗಳೂರುಗಳ ಮುಂದಿನ ಕಡಲೂ ಅದರೊಳಗೆ ಬರುತ್ತದೆ. ಅದರ ಕಥೆ ಬೇರೆಯೇ ಲೇಖನದ ವಸ್ತು.

ಅಧ್ಯಾಪಕರ ಕೊಠಡಿಗೆ ಹೊಸ ಭೂಪಟ ತರಿಸಬೇಕೆಂದು ಭೂಗೋಳದ ಅಧ್ಯಾಪಕರು ಕೇಳಿದ್ದಾರೆ. ಹಳೆಯ ವಿದ್ಯಾರ್ಥಿಯೊಬ್ಬರು ಕೊಡಿಸಲು ಒಪ್ಪಿದ್ದಾರೆ. ಹರಿದುದನ್ನು ತೆಗೆದುಹಾಕದೆ ಅದರ ಪಕ್ಕದಲ್ಲಿಯೇ ಹೊಸದನ್ನು ತೂಗುಹಾಕಬೇಕೆಂದು ನಾನು ಅವರಲ್ಲಿ ಕೇಳಿಕೊಂಡಿದ್ದೇನೆ.