ಎರಡು ಜನ್ಮದಿನ, ಒಂದು ಕುರ್ಚಿ

ಒಬ್ಬ ಮನುಷ್ಯ ಎರಡು ಸಲ ಹುಟ್ಟೋಕೆ ಸಾಧ್ಯನಾ? ಉತ್ತರ ಪ್ರದೇಶದ ರಾಂಪುರ ಜಿಲ್ಲೆಯ ಸ್ವಾರ್ ಕ್ಷೇತ್ರದ ಕೇಸ್ ನೋಡಿದವರಿಗೆ ಈ ಪ್ರಶ್ನೆ ಬಂದೇ ಬರುತ್ತೆ. ಒಂದು ಜನನ ಪ್ರಮಾಣಪತ್ರದ ಪ್ರಕಾರ ಅಬ್ದುಲ್ಲಾ ಆಜಂ ಖಾನ್ ಹುಟ್ಟಿದ್ದು 1993ರ ಜನವರಿ 1ರಂದು, ರಾಂಪುರದಲ್ಲಿ. ಇನ್ನೊಂದರ ಪ್ರಕಾರ 1990ರ ಸೆಪ್ಟೆಂಬರ್ 30ರಂದು, ಲಖನೌದಲ್ಲಿ.

ಇವರು ಸಮಾಜವಾದಿ ಪಕ್ಷದ ಹಿರಿಯ ನಾಯಕ ಆಜಂ ಖಾನ್ ಅವರ ಮಗ. 2017ರ ವಿಧಾನಸಭೆ ಚುನಾವಣೆಯಲ್ಲಿ ಸ್ವಾರ್‌ನಿಂದ ನಿಂತರು, 53 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಇಷ್ಟು ಜನ ಬೇಕು ಅಂದಮೇಲೆ ಜನ್ಮದಿನದ ತಕರಾರು ಯಾಕೆ ಅಂತ ನೀವು ಕೇಳಬಹುದು.

ಸಂವಿಧಾನದ 173ನೇ ವಿಧಿ ಹೇಳೋದು ಸರಳ: ಶಾಸಕರಾಗಬೇಕಾದರೆ 25 ವರ್ಷ ತುಂಬಿರಬೇಕು. ಲೆಕ್ಕ ಹಾಕೋದು ನಾಮಪತ್ರ ಪರಿಶೀಲನೆಯ ದಿನಕ್ಕೆ. ಮತದಾನದ ದಿನಕ್ಕಲ್ಲ, ಪ್ರಮಾಣವಚನದ ದಿನಕ್ಕೂ ಅಲ್ಲ. 2017ರ ಜನವರಿಯಲ್ಲಿ ಒಂದು ಕಾಗದದ ಪ್ರಕಾರ ಅಬ್ದುಲ್ಲಾ ವಯಸ್ಸು 26, ಇನ್ನೊಂದರ ಪ್ರಕಾರ 24. ಒಂದು ನಿಜವಾದರೆ ಶಾಸಕ, ಇನ್ನೊಂದು ನಿಜವಾದರೆ ಅಭ್ಯರ್ಥಿಯೂ ಅಲ್ಲ.

ಇದನ್ನ ತೀರ್ಮಾನ ಮಾಡೋರು ಯಾರು? ಚುನಾವಣಾಧಿಕಾರಿ ನಾಮಪತ್ರದ ಮೇಲೆ ಕಣ್ಣಾಡಿಸಿ ಹೇಳಬಹುದೇ ಹೊರತು ಸಾಕ್ಷಿ ಕರೆಸಿ ದೀರ್ಘ ವಿಚಾರಣೆ ನಡೆಸೋಕಾಗಲ್ಲ. ಫಲಿತಾಂಶ ಬಂದ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಸ್ವಾರ್‌ನಲ್ಲಿ ಸೋತಿದ್ದ ಅಭ್ಯರ್ಥಿ ನವಾಬ್ ಕಾಜಿಂ ಅಲಿ ಖಾನ್ ಅದನ್ನೇ ಮಾಡಿದರು.

ಈಗ ಅಸಲಿ ಪ್ರಶ್ನೆ. ಎರಡು ಕಾಗದದಲ್ಲಿ ಯಾವುದನ್ನ ನಂಬೋದು? ನಾನು ಓದಿದ್ದು ಇಂಜಿನಿಯರಿಂಗ್. ಯಾವುದೇ ಸಿಸ್ಟಮ್ ಕೆಟ್ಟಾಗ ನಾವು ಮೊದಲು ನೋಡೋದು ಲಾಗ್ ಫೈಲ್: ಯಾವ ಎಂಟ್ರಿ ಎಷ್ಟು ಗಂಟೆಗೆ ಬಿತ್ತು? ಕೋರ್ಟುಗಳು ಮಾಡೋದೂ ಹೆಚ್ಚುಕಡಿಮೆ ಅದನ್ನೇ. ಅಬ್ದುಲ್ಲಾ ಅವರ ಶಾಲೆಯ ಅಂಕಪಟ್ಟಿಯಿಂದ ಎಂ.ಟೆಕ್ ತನಕ ಎಲ್ಲಾ ಕಡೆ ಇದ್ದದ್ದು 1993. ಶಾಲೆಗೆ ಸೇರಿಸುವಾಗ ತಪ್ಪಾಗಿ ಬರೆಸಲಾಗಿತ್ತು ಅನ್ನೋದು ಅವರ ವಾದ. ಆದರೆ 1990 ಅಂತ ಹೇಳುವ ಲಖನೌ ಪ್ರಮಾಣಪತ್ರ ಕೈಗೆ ಬಂದಿದ್ದು 2015ರ ಜನವರಿಯಲ್ಲಿ. ಹುಟ್ಟಿ 24 ವರ್ಷ ಆದಮೇಲೆ, ಚುನಾವಣೆಗೆ ಎರಡು ವರ್ಷ ಇದ್ದಾಗ. 2019ರ ಡಿಸೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನ ನಂಬಲಿಲ್ಲ, ಆಯ್ಕೆ ರದ್ದಾಯಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ.

ಇದೇ ಅಳತೆಗೋಲನ್ನ ಅಮೆರಿಕಕ್ಕೆ ತಗೊಂಡು ಹೋಗಿ. ಅಲ್ಲಿ ಅಧ್ಯಕ್ಷರಾಗೋಕೆ ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು. ಬರಾಕ್ ಒಬಾಮ ಹುಟ್ಟಿದ್ದು ತಂದೆಯ ದೇಶವಾದ ಕೀನ್ಯಾದಲ್ಲಿ ಅಂತ ವರ್ಷಗಟ್ಟಲೆ ಗಲಾಟೆ ನಡೀತು. ಡೊನಾಲ್ಡ್ ಟ್ರಂಪ್ ಅದಕ್ಕೆ ದೊಡ್ಡ ದನಿಯಾದರು. ಒಬಾಮ 2008ರಲ್ಲೇ ಜನನ ಪ್ರಮಾಣಪತ್ರ ತೋರಿಸಿದ್ದರು, ಸಾಲದು ಅಂದಿದ್ದಕ್ಕೆ 2011ರ ಏಪ್ರಿಲ್‌ನಲ್ಲಿ ಮೂಲ ದಾಖಲೆಯ ಪೂರ್ಣ ಪ್ರತಿಯನ್ನೂ ಕೊಟ್ಟರು. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇದೆ. 1961ರ ಆಗಸ್ಟ್‌ನಲ್ಲಿ ಹೊನೊಲುಲುವಿನ ಎರಡು ದಿನಪತ್ರಿಕೆಗಳು ಊರಲ್ಲಿ ಹುಟ್ಟಿದ ಮಕ್ಕಳ ಪಟ್ಟಿಯಲ್ಲಿ ಈ ಮಗುವಿನ ಜನನವನ್ನೂ ಅಚ್ಚು ಹಾಕಿದ್ದವು. ಈ ಕೂಸು ಮುಂದೆ ಅಧ್ಯಕ್ಷ ಆಗುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು? 2016ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಕೂಡ ಒಪ್ಪಿಕೊಂಡರು, ಒಬಾಮ ಹುಟ್ಟಿದ್ದು ಅಮೆರಿಕದಲ್ಲೇ ಅಂತ.

ಎರಡೂ ಕಡೆ ಗದ್ದಲ ಒಂದೇ ಥರ. ವ್ಯತ್ಯಾಸ ಇರೋದು ಕಾಗದ ಹುಟ್ಟಿದ ಹೊತ್ತಿನಲ್ಲಿ. ಅಗತ್ಯ ಬರುವ ಮೊದಲೇ ಬರೆದಿಟ್ಟ ದಾಖಲೆಗೆ ತೂಕ ಜಾಸ್ತಿ. ಅಗತ್ಯ ಬಿದ್ದಮೇಲೆ ಮಾಡಿಸಿದ ದಾಖಲೆ ಸುಳ್ಳೇ ಆಗಿರಬೇಕಿಲ್ಲ, ಆದರೆ ತನ್ನನ್ನು ತಾನು ಸಾಬೀತು ಮಾಡಿಕೊಳ್ಳಬೇಕು.

ಇನ್ನೊಂದು ವಿಷಯ ಯಾರೂ ಚರ್ಚೆ ಮಾಡಲ್ಲ. ಇಂಥ ಅರ್ಜಿಯನ್ನ ಆರು ತಿಂಗಳಲ್ಲಿ ಮುಗಿಸೋ ಪ್ರಯತ್ನ ಆಗಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಇದೆ. ಸ್ವಾರ್‌ನಲ್ಲಿ ಹೈಕೋರ್ಟ್ ತೀರ್ಪಿಗೇ ಎರಡೂವರೆ ವರ್ಷ ಮೀರಿತು. ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳುವಷ್ಟರಲ್ಲಿ ಆ ವಿಧಾನಸಭೆಯ ಅವಧಿಯೇ ಮುಗಿದು, 2022ರ ಚುನಾವಣೆಯೂ ಆಗಿ, ಅಬ್ದುಲ್ಲಾ ಅದೇ ಕ್ಷೇತ್ರದಿಂದ ಮತ್ತೆ ಗೆದ್ದಿದ್ದರು! 2023ರ ಅಕ್ಟೋಬರ್‌ನಲ್ಲಿ ಜನನ ಪ್ರಮಾಣಪತ್ರದ ಕ್ರಿಮಿನಲ್ ಕೇಸಿನಲ್ಲಿ ತಂದೆ, ತಾಯಿ, ಮಗ ಮೂವರಿಗೂ ರಾಂಪುರ ಕೋರ್ಟ್ ಏಳು ವರ್ಷ ಶಿಕ್ಷೆ ಕೊಟ್ಟಿತು. ಮುಂದಿನ ಮೇನಲ್ಲಿ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಅದಿರಲಿ, ಕ್ಷೇತ್ರದ ಜನರ ಗತಿ ಏನು? ಅವರು ಹಾಕಿದ ಮತ ಲೆಕ್ಕಕ್ಕಿಲ್ಲದಂತೆ ಆಯಿತು, ಅವರಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮ ಹಳ್ಳಿಗಳಲ್ಲೂ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಇದ್ದಾರೆ ನೋಡಿ! ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಖು ಅದು. ಆ ಒಂದು ಸಾಲು ಪಿಂಚಣಿ ತನಕ ಬೆನ್ನು ಬಿಡಲ್ಲ. ಅದಕ್ಕೇ ಮಗು ಹುಟ್ಟಿದರೆ 21 ದಿನದೊಳಗೆ ನೋಂದಣಿ ಮಾಡಿಸಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಎಲ್ಲಕ್ಕೂ ಆ ಪ್ರಮಾಣಪತ್ರವೇ ಆಧಾರ. ಇನ್ನು ಮುಂದೆ ಯಾವ ನಾಯಕನ ಜನ್ಮದಾಖಲೆ ಮೇಲೆ ಗದ್ದಲ ಎದ್ದರೂ, ಯಾರು ಜೋರಾಗಿ ಕೂಗ್ತಿದ್ದಾರೆ ಅಂತ ನೋಡಬೇಡಿ. ಈ ಕಾಗದ ಬರೆದಿದ್ದು ಯಾವಾಗ ಅಂತ ಕೇಳಿ.