ಫ್ರಾ ಆಂಜೆಲಿಕೊ: ಹಸಿ ಗೋಡೆಯ ಮೇಲೆ ಚಿತ್ರ ಬರೆದ ಸನ್ಯಾಸಿ

ಚಿತ್ರಕಲೆಯ ತರಗತಿಯಲ್ಲಿ ನಮ್ಮ ವಿದ್ಯಾರ್ಥಿಗಳು ಒಂದು ಗೆರೆಯನ್ನೆಳೆದು ಮೂರು ಸಲ ಅಳಿಸುವುದನ್ನು ನಾವು ಕಾಣುತ್ತಲೇ ಇರುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ; ಕಲಿಯುವ ಕೈಗೆ ರಬ್ಬರು ಬೇಕೇ ಬೇಕು. ಆದರೆ ಅಳಿಸುವುದಕ್ಕೆ ಎಡೆಯೇ ಇಲ್ಲದ ಒಂದು ಬಗೆಯ ಚಿತ್ರಣವೂ ಉಂಟು. ಅದರಲ್ಲಿ ಸಿದ್ಧಹಸ್ತನಾಗಿ, ತನ್ನ ಶ್ರೇಷ್ಠ ಕೃತಿಗಳಲ್ಲಿ ಹಲವನ್ನು ಒಬ್ಬೊಬ್ಬನೇ ಮನುಷ್ಯನು ನೋಡತಕ್ಕ ಸಣ್ಣ ಕೋಣೆಗಳಲ್ಲಿ ಬರೆದಿಟ್ಟುಹೋದ ಇಟಲಿ ದೇಶದ ಸನ್ಯಾಸಿಯೊಬ್ಬನ ವಿಷಯವನ್ನು ಇಲ್ಲಿ ತಿಳಿಸಬಯಸುತ್ತೇವೆ.

ಲೋಕವು ಆತನನ್ನು ಫ್ರಾ ಆಂಜೆಲಿಕೊ ಎಂದು ಕರೆಯುತ್ತದೆ. ‘ಫ್ರಾ’ ಎಂದರೆ ಸಹೋದರ. ‘ಆಂಜೆಲಿಕೊ’ ಎಂದರೆ ದೇವದೂತನಂಥವನು. ಈ ಎರಡನೆಯ ಹೆಸರು ಮರಣಾನಂತರ ಜನರು ಕೊಟ್ಟದ್ದು. ಬದುಕಿದ್ದಾಗ ಆತನು ಅದನ್ನು ಕೇಳಿರಲಾರನು. ಹುಟ್ಟುಹೆಸರು ಗ್ವಿಡೊ. ಫ್ಲಾರೆನ್ಸ್ ನಗರದ ಉತ್ತರಕ್ಕಿರುವ ಮುಗೆಲ್ಲೊ ಸೀಮೆಯಲ್ಲಿ ಸುಮಾರು 1395ರಲ್ಲಿ ಜನಿಸಿದನು. 1417ರ ಒಂದು ದಾಖಲೆಯಲ್ಲಿ ಆತನನ್ನು ಚಿತ್ರಕಾರನೆಂದೇ ಹೇಳಿದೆ. 1423ರ ವೇಳೆಗೆ ಆತನು ಫಿಯೆಸೊಲೆಯ ಮಠದಲ್ಲಿ ಸಹೋದರ ಜೊವಾನಿ ಆಗಿದ್ದನು. ಎಂದರೆ, ಸನ್ಯಾಸಿಯಾದ ಮೇಲೆ ಚಿತ್ರ ಕಲಿತವನಲ್ಲ, ಕಸುಬು ಬಲ್ಲವನು ಸನ್ಯಾಸಕ್ಕೆ ಬಂದನು. ಆತನು ಸೇರಿದ್ದು ಡೊಮಿನಿಕ್ ಎಂಬ ಸಂತನು ಸ್ಥಾಪಿಸಿದ ಪಂಥ. ಈ ಪಂಥದವರು ಸ್ವಂತ ಆಸ್ತಿಯಿಲ್ಲದೆ ಭಿಕ್ಷೆಯಿಂದ ಬದುಕಿ, ಊರೂರಲ್ಲಿ ಧರ್ಮೋಪದೇಶ ಮಾಡತಕ್ಕವರು.

ಹಾಗೆಂದು ಆತನು ಬೆಲೆಯಿಲ್ಲದ ಕೆಲಸಗಾರನಾಗಿರಲಿಲ್ಲ. 1433ರಲ್ಲಿ ಫ್ಲಾರೆನ್ಸಿನ ನಾರುಬಟ್ಟೆ ವ್ಯಾಪಾರಿಗಳ ಸಂಘದವರು ಒಂದು ದೊಡ್ಡ ಚಿತ್ರವನ್ನು ಬರೆಯಲು ಒಪ್ಪಿಸಿ ಬರೆದುಕೊಂಡ ಕರಾರು ಉಳಿದಿದೆ. ಚಿನ್ನದ 190 ಫ್ಲಾರಿನ್ ನಾಣ್ಯಗಳೆಂದು ಅದರಲ್ಲಿ ಗೊತ್ತುಪಡಿಸಿ, ಅಥವಾ ಆತನ ಅಂತಃಸಾಕ್ಷಿಗೆ ತೋರಿದಂತೆ ಅದಕ್ಕಿಂತ ಕಡಿಮೆ ಎಂದು ಸೇರಿಸಿದೆ. ವ್ಯಾಪಾರಿಗಳು ಇಂಥ ಮಾತನ್ನು ಕರಾರಿನಲ್ಲಿ ಬರೆಯಿಸುವುದು ಎಲ್ಲ ಕಾಲದಲ್ಲಿಯೂ ಅಪರೂಪವೇ.

ಇನ್ನು ಆ ಅಳಿಸಲಾಗದ ಚಿತ್ರಣದ ವಿಚಾರ. ಅದಕ್ಕೆ ಇಟಲಿಯ ಭಾಷೆಯಲ್ಲಿ ‘ಫ್ರೆಸ್ಕೊ’ ಎನ್ನುವರು. ತಾಜಾ, ಹಸಿ ಎಂದು ಅದರ ಅರ್ಥ. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಗೋಡೆಗೆ ಗಿಲಾವು ಮಾಡುವುದನ್ನು ನಮ್ಮ ಹಿರಿಯರು ಬಲ್ಲರು. ಫ್ರೆಸ್ಕೊ ಬರೆಯುವವರು ಒರಟು ಗಿಲಾವಿನ ಮೇಲೆ ಕೆಮ್ಮಣ್ಣಿನ ಬಣ್ಣದಿಂದ ಚಿತ್ರದ ರೂಪುರೇಖೆಯನ್ನು ಹಾಕಿಕೊಳ್ಳುತ್ತಿದ್ದರು. ಆಮೇಲೆ, ಆ ದಿನ ಎಷ್ಟು ಭಾಗವನ್ನು ಮುಗಿಸಬಲ್ಲರೋ ಅಷ್ಟಕ್ಕೆ ಮಾತ್ರ ನಯವಾದ ಹಸಿ ಗಾರೆಯನ್ನು ತೆಳುವಾಗಿ ಬಳಿದು, ಅದು ಒಣಗುವ ಮುನ್ನ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚುತ್ತಿದ್ದರು. ಬಣ್ಣಕ್ಕೆ ಅಂಟು ಬೇಡ. ಹಸಿ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗಿ ಪರಿಣಮಿಸುತ್ತದೆ. ಬಣ್ಣದ ಕಣಗಳು ಆ ಕಲ್ಲಿನೊಳಗೆ ಸೆರೆಯಾಗುತ್ತವೆ. ಬಣ್ಣವು ಗೋಡೆಯ ಮೇಲಿರುವುದಿಲ್ಲ, ಅದು ಗೋಡೆಯೇ ಆಗಿಬಿಡುತ್ತದೆ. ತಪ್ಪಿದರೆ ಅಷ್ಟು ಗಾರೆಯನ್ನು ಕೆತ್ತಿ ಹಾಕಿ ಪುನಃ ಬಳಿಯಬೇಕು. ಒಂದೊಂದು ದಿನದ ಗಾರೆ ಸೇರಿದ ಅಂಚುಗಳು ಹತ್ತಿರದಿಂದ ನೋಡಿದರೆ ಕಾಣುವುದರಿಂದ, ಇಂಥ ಚಿತ್ರಕ್ಕೆ ಎಷ್ಟು ದಿನ ಹಿಡಿಯಿತೆಂದು ವಿದ್ವಾಂಸರು ಲೆಕ್ಕ ಹಾಕುವುದೂ ಉಂಟು.

ಎಲ್ಲ ಬಣ್ಣಗಳೂ ಸುಣ್ಣವನ್ನು ತಾಳಲಾರವು. ತಾಮ್ರದ ಅದಿರಿನಿಂದ ದೊರೆಯುವ ನೀಲಿಯನ್ನು ಗೋಡೆ ಒಣಗಿದ ಮೇಲೆ ಅಂಟಿನೊಡನೆ ಹಚ್ಚಬೇಕಾಗುತ್ತಿತ್ತು. ಅದು ಕಾಲಕ್ರಮದಲ್ಲಿ ಉದುರುವುದು. ಸಾನ್ ಮಾರ್ಕೊ ಮಠದ ಸಭಾಗೃಹದಲ್ಲಿ ನಮ್ಮ ಸನ್ಯಾಸಿ ಬರೆದ ಶಿಲುಬೆಯ ದೊಡ್ಡ ಚಿತ್ರದಲ್ಲಿ ಆಕಾಶದ ನೀಲಿ ಹೀಗೆಯೇ ಉದುರಿ, ಅಡಿಯ ಬಣ್ಣ ತೋರುತ್ತಿದೆ. ಅಜಂತಾದ ಚಿತ್ರಗಳನ್ನೂ ಫ್ರೆಸ್ಕೊ ಎಂದು ಕರೆಯುವ ರೂಢಿಯುಂಟು. ಮಣ್ಣಿನ ಗಿಲಾವು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣದಿಂದ ಬರೆದ ಆ ಚಿತ್ರಗಳಿಗೆ ಈ ಹೆಸರು ಸಲ್ಲದು. ಇದರಿಂದ ಅವುಗಳ ಹಿರಿಮೆಗೇನೂ ಕುಂದಿಲ್ಲ.

ಫ್ಲಾರೆನ್ಸಿನ ಸಾನ್ ಮಾರ್ಕೊ ಮಠವು 1436ರಲ್ಲಿ ಫಿಯೆಸೊಲೆಯ ಸನ್ಯಾಸಿಗಳ ವಶಕ್ಕೆ ಬಂದಿತು. ನಗರದ ಮಹಾಧನಿಕನಾದ ಕೊಸಿಮೊ ದೆ ಮೆಡಿಚಿಯು ವೆಚ್ಚವನ್ನು ಭರಿಸಿ, ಮಿಕೆಲೊಜೊ ಎಂಬ ವಾಸ್ತುಶಿಲ್ಪಿಯಿಂದ ಅದನ್ನು ನವೀಕರಿಸಿದನು. ಮೇಲಂತಸ್ತಿನಲ್ಲಿ ಸನ್ಯಾಸಿಗಳಿಗಾಗಿ ನಲವತ್ತಕ್ಕೂ ಹೆಚ್ಚು ಕೋಣೆಗಳು. ಒಂದೊಂದರಲ್ಲಿಯೂ ಒಂದು ಸಣ್ಣ ಕಿಟಕಿ. ಅದರ ಪಕ್ಕದ ಗೋಡೆಯಲ್ಲಿ ಒಂದು ಫ್ರೆಸ್ಕೊ. 1440ರ ಆಸುಪಾಸಿನ ಕೆಲವು ವರ್ಷಗಳಲ್ಲಿ ಆಂಜೆಲಿಕೊ ಮತ್ತು ಆತನ ಸಹಾಯಕರು ಇವನ್ನು ಬರೆದರು. ಎಲ್ಲವೂ ಆತನ ಕೈಯವೇ ಅಲ್ಲ. ಆದರೆ ಎಲ್ಲದರ ಹಿಂದಿನ ಯೋಚನೆ ಆತನದೆಂದು ನಂಬಲು ಅಡ್ಡಿಯಿಲ್ಲ.

ಮೆಟ್ಟಿಲು ಹತ್ತಿ ಬರುವವರಿಗೆ ಎದುರಾಗುವುದು, ಏಸುವಿನ ಜನನದ ವಾರ್ತೆಯನ್ನು ದೇವದೂತನು ಮೇರಿಗೆ ತಿಳಿಸುವ ಚಿತ್ರ. ಅಲ್ಲಿ ಉದ್ಯಾನವಿದೆ, ಕಂಬಗಳ ಸಾಲಿದೆ, ದೂತನ ರೆಕ್ಕೆಗಳಲ್ಲಿ ಬಣ್ಣಬಣ್ಣದ ಪಟ್ಟೆಗಳಿವೆ. ಅದು ಎಲ್ಲರೂ ಹಾದುಹೋಗುವ ಸ್ಥಳ. ಮೂರನೆಯ ಕೋಣೆಯಲ್ಲಿ ಅದೇ ಪ್ರಸಂಗ ಮತ್ತೊಮ್ಮೆ ಬರುತ್ತದೆ. ಅಲ್ಲಿ ಉದ್ಯಾನವೂ ಇಲ್ಲ, ಪಟ್ಟೆಗಳೂ ಇಲ್ಲ. ಬಿಳಿಯ ಕಮಾನು, ನಿಂತ ದೂತ, ತಗ್ಗಾದ ಪೀಠದ ಮೇಲೆ ಮೊಣಕಾಲೂರಿದ ಮೇರಿ, ದೂರ ಕೈಮುಗಿದು ನೋಡುತ್ತಿರುವ ಒಬ್ಬ ಸಂತ, ಇಷ್ಟೇ. ಕೋಣೆಯಲ್ಲಿ ವಾಸಿಸುವವನು ಪ್ರತಿದಿನವೂ, ವರ್ಷಾನುಗಟ್ಟಲೆ, ಇದೊಂದೇ ಚಿತ್ರವನ್ನು ನೋಡತಕ್ಕವನು. ಅಲಂಕಾರವು ಅವನಿಗೆ ಬೇಗ ಬೇಸರ ತರುತ್ತಿತ್ತು ಎಂದು ನಮಗೆ ತೋರುತ್ತದೆ.

ಏಳನೆಯ ಕೋಣೆಯ ಚಿತ್ರ ಇನ್ನೂ ವಿಚಿತ್ರ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಏಸುವು ಕುಳಿತಿದ್ದಾನೆ. ಹಿಂಸಿಸುವವರು ಯಾರೂ ಪೂರ್ತಿ ಕಾಣುವುದಿಲ್ಲ. ಗಾಳಿಯಲ್ಲಿ ತೇಲುವ ಕೆಲವು ಕೈಗಳು, ಉಗುಳುವ ಒಂದು ತಲೆ, ಅಷ್ಟೇ. ಕೆಳಗೆ ಸಂತ ಡೊಮಿನಿಕನು ತೆರೆದ ಪುಸ್ತಕವನ್ನು ಓದುತ್ತ ಕುಳಿತಿದ್ದಾನೆ. ಆ ಪುಸ್ತಕದೊಳಗಿನ ವಿಷಯವೇ ಅವನ ಮನಸ್ಸಿನಲ್ಲಿ ಮೂಡಿ ಗೋಡೆಯ ಮೇಲೆ ಕಂಡಂತಿದೆ. ಓದುವಾಗ ನಮ್ಮ ಮನಸ್ಸಿಗೂ ಹೀಗೆ ಬಿಡಿಬಿಡಿಯಾಗಿಯೇ ಕಾಣುವುದಲ್ಲವೇ?

ಈ ಸರಳತೆಯನ್ನು ಕಂಡು, ಈತನು ಹೊಸ ವಿದ್ಯೆಯನ್ನರಿಯದ ಮುಗ್ಧನೆಂದು ಹೇಳಿದವರುಂಟು. ಅದು ಸರಿಯಲ್ಲ. ಮಸಾಚೊ ಎಂಬ ಯುವಕ ಚಿತ್ರಕಾರನು 1420ರ ದಶಕದಲ್ಲಿ ತೋರಿಸಿಕೊಟ್ಟ ದೂರ-ಸಮೀಪಗಳ ಕ್ರಮವನ್ನೂ ನೆರಳು-ಬೆಳಕಿನ ಕ್ರಮವನ್ನೂ ಈತನು ಚೆನ್ನಾಗಿ ಬಲ್ಲನು. ಪೋಪ್ ನಾಲ್ಕನೆಯ ಯೂಜೀನಿಯಸನು ಈತನನ್ನು ರೋಮಿಗೆ ಕರೆಸಿಕೊಂಡನು. ಮುಂದೆ ಪೋಪ್ ಐದನೆಯ ನಿಕೊಲಸನಿಗಾಗಿ ವ್ಯಾಟಿಕನ್ನಿನ ಪ್ರಾರ್ಥನಾಮಂದಿರದಲ್ಲಿ ಈತನು ಶಿಷ್ಯ ಬೆನೊಜೊ ಗೊಜೊಲಿಯ ಸಹಾಯದಿಂದ ಬರೆದ ಸ್ಟೀಫನ್ ಮತ್ತು ಲಾರೆನ್ಸ್ ಎಂಬ ಸಂತರ ಚರಿತ್ರೆಯಲ್ಲಿ ಭವ್ಯವಾದ ಕಟ್ಟಡಗಳು, ಜನಸಂದಣಿ, ಚಿನ್ನದ ಮೆರುಗು ಎಲ್ಲವೂ ಇವೆ. ಕೈ ಅದೇ, ನೋಡುವವರು ಬೇರೆ. ಲಾರೆನ್ಸನು ಕುರುಡರಿಗೂ ಹೆಳವರಿಗೂ ದಾನ ಮಾಡುವ ಚಿತ್ರ ಅವುಗಳಲ್ಲಿ ನಮಗೆ ಮೆಚ್ಚಿನದು.

ಈತನು ಪ್ರಾರ್ಥಿಸದೆ ಕುಂಚ ಹಿಡಿಯುತ್ತಿರಲಿಲ್ಲವೆಂದೂ, ಶಿಲುಬೆಯನ್ನು ಬರೆಯುವಾಗಲೆಲ್ಲ ಕಣ್ಣೀರು ಸುರಿಸುತ್ತಿದ್ದನೆಂದೂ, ಬರೆದುದನ್ನು ತಿದ್ದುತ್ತಿರಲಿಲ್ಲವೆಂದೂ ವಸಾರಿ ಎಂಬ ಚರಿತ್ರಕಾರನು ಬರೆದಿದ್ದಾನೆ. ಆತನ ಗ್ರಂಥ ಪ್ರಕಟವಾದದ್ದು 1550ರಲ್ಲಿ, ಚಿತ್ರಕಾರನು ತೀರಿಕೊಂಡು ಸುಮಾರು ನೂರು ವರ್ಷಗಳ ಮೇಲೆ. ಆದುದರಿಂದ ಪ್ರತಿ ಮಾತನ್ನೂ ಕಣ್ಣಾರೆ ಕಂಡದ್ದೆಂದು ಕೊಳ್ಳಬೇಕಾಗಿಲ್ಲ. ತಿದ್ದುತ್ತಿರಲಿಲ್ಲವೆಂಬುದಕ್ಕೆ ಭಕ್ತಿಯ ಜೊತೆಗೆ ಸುಣ್ಣವೂ ಕಾರಣವಾಗಿದ್ದೀತು.

1450ರಲ್ಲಿ ಆತನು ಫಿಯೆಸೊಲೆಯ ಮಠದ ಮುಖ್ಯಸ್ಥನಾದನು. 1455ರ ಫೆಬ್ರವರಿ 18ರಂದು ರೋಮಿನಲ್ಲಿ ದೇಹವಿಟ್ಟನು. ಸಮಾಧಿ ಅಲ್ಲಿಯ ಸಾಂತಾ ಮರಿಯಾ ಸೋಪ್ರಾ ಮಿನೆರ್ವಾ ಇಗರ್ಜಿಯಲ್ಲಿದೆ. 1982ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಆತನನ್ನು ಪುಣ್ಯಾತ್ಮರ ಶ್ರೇಣಿಗೆ ಸೇರಿಸಿದರು. ಸಾನ್ ಮಾರ್ಕೊ ಮಠದ ಹಳೆಯ ಭಾಗವು 1869ರಿಂದ ವಸ್ತುಸಂಗ್ರಹಾಲಯವಾಗಿದ್ದು, ದೇಶದೇಶಗಳ ಜನರು ಆ ಮೆಟ್ಟಿಲುಗಳನ್ನು ಹತ್ತುತ್ತಾರೆ. ಕೋಣೆಗಳು ಮಾತ್ರ ಆಗಿದ್ದಷ್ಟೇ ಕಿರಿದು. ಎಷ್ಟೇ ಜನ ಬಂದರೂ ಒಂದು ಚಿತ್ರದ ಮುಂದೆ ಇಬ್ಬರು ಮೂವರಿಗಿಂತ ಹೆಚ್ಚು ಮಂದಿ ನೆಮ್ಮದಿಯಾಗಿ ನಿಲ್ಲಲಾಗದು.